ಯಾವ ಕೈಗೆ, ಯಾವ ಕೆಲಸಕ್ಕೆ

ನಮ್ಮ ಕಡೆಯ ಒಂದು ತೋಟದ ಮನೆಯಲ್ಲಿ ಎಷ್ಟು ಬಗೆಯ ಕತ್ತಿ ಇರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಅಡುಗೆಮನೆಯಲ್ಲಿ ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಕೊಯ್ಯುವ ಮೆಟ್ಟುಕತ್ತಿ. ಹಸಿಮೆಣಸು, ಶುಂಠಿ ಹೆಚ್ಚಲು ಒಂದು ಸಣ್ಣ ಚೂರಿ. ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟ, ಮೂತಿ ಬಾಗಿದ ಸೊಪ್ಪಿನ ಕತ್ತಿ. ಅಂಗಳದ ಮೂಲೆಯಲ್ಲಿ ಅಡಿಕೆ ಸುಲಿಯುವ ಕತ್ತಿ. ರಬ್ಬರ್ ಇದ್ದರೆ ಅದಕ್ಕೆ ತುದಿ ಮಡಚಿದ ಟ್ಯಾಪಿಂಗ್ ಕತ್ತಿ. ಹಲಸಿನ ಕಾಲ ಬಂದಾಗ ಮಾತ್ರ ಕೆಳಗಿಳಿಯುವ ಇನ್ನೊಂದು ದೊಡ್ಡದು.

ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ಸೊಪ್ಪಿನ ಕತ್ತಿಯಲ್ಲಿ ಬೀನ್ಸ್ ಹೆಚ್ಚಿದರೆ ಜಜ್ಜಿ ಹೋಗುತ್ತದೆ. ಅಡುಗೆಮನೆಯ ಚೂರಿಯಲ್ಲಿ ತೆಂಗಿನ ಮಡಲು ಕಡಿದರೆ ಚೂರಿಯ ಬಾಯಿ ಹಾರಿ ಹೋಗುತ್ತದೆ. ಇದು ಮನೆಯ ಮಕ್ಕಳಿಗೂ ಗೊತ್ತು. ಆದರೆ ಎಲ್ಲವೂ ಉಕ್ಕೇ ತಾನೇ, ಯಾಕೆ ಹಾಗೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಕೈಯಲ್ಲಿ ಅರ ಹಿಡಿದು ಕೂತ ಮೇಲೆ.

ನನ್ನ ಮನೆ ಮುಳ್ಳೇರಿಯದ ಹತ್ತಿರ, ಕೆಲಸ ಕಾಸರಗೋಡು ಪೇಟೆಯಲ್ಲಿ. ರಜೆಯ ದಿನ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಕತ್ತಿ ಮಾಡಲು ಕಲಿಯುತ್ತಿದ್ದೇನೆ. ಇರುವ ಸಾಮಾನು ಉಕ್ಕನ್ನು ಕಚ್ಚಿ ಹಿಡಿಯುವ ಒಂದು ವೈಸ್, ನಾಲ್ಕಾರು ಅರ, ಹ್ಯಾಕ್ಸಾ, ಕೈಯಲ್ಲಿ ಹಿಡಿಯುವ ಡ್ರಿಲ್, ಮುರಕಲ್ಲಿನ ಮೇಲೆ ಮಣ್ಣು ಮೆತ್ತಿ ಕಟ್ಟಿದ ಸಣ್ಣ ಒಲೆ. ಹೊಸದಾಗಿ ಕಲಿಯುವವರು ಮೊದಲು ಕೇಳುವುದು ಯಾವ ಉಕ್ಕು ಒಳ್ಳೆಯದು, ರಾಕ್‌ವೆಲ್ ಅಳತೆಯಲ್ಲಿ ಎಷ್ಟು ಗಡಸು ಬರುತ್ತದೆ ಅಂತ. ವಿಡಿಯೋಗಳೂ ಅಲ್ಲಿಂದಲೇ ಶುರುವಾಗುತ್ತವೆ. ನನಗೆ ಗಟ್ಟಿಯಾಗಿ ಅನ್ನಿಸುವುದೇನೆಂದರೆ, ಆ ಎರಡು ಪ್ರಶ್ನೆಗಳು ಆಮೇಲೆ ಬರಬೇಕು. ಇದು ಏನನ್ನು ಕಡಿಯುತ್ತದೆ, ಯಾರು ಹಿಡಿಯುತ್ತಾರೆ, ಮೊಂಡಾದಾಗ ಅವರು ಯಾವುದರ ಮೇಲೆ ಮಸೆಯುತ್ತಾರೆ, ಈ ಮೂರು ಮೊದಲು ಗೊತ್ತಾಗಬೇಕು. ಉಳಿದದ್ದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ಇದನ್ನು ನನಗೆ ತೋರಿಸಿಕೊಟ್ಟದ್ದು ನಮ್ಮ ಊರಿನ ಕುಲುಮೆ. ಅಲ್ಲಿಗೆ ಯಾರು ಹೋದರೂ ಆಚಾರ್ರು ಮೊದಲು ಕಬ್ಬಿಣ ಮುಟ್ಟುವುದಿಲ್ಲ. "ಯಾರಿಗೆ ಇದು?" ಅಂತ ಕೇಳುತ್ತಾರೆ. ನಿಮಗಾ, ಕೆಲಸದವರಿಗಾ? ನೆಲದಲ್ಲಿ ನಿಂತು ಕಡಿಯುವುದಾ, ಮರ ಹತ್ತಿ ಕಡಿಯುವುದಾ? ಎಡಗೈಯವರಾ? ಆಮೇಲೆ ಹಳೆಯ ಕತ್ತಿ ತಂದಿದ್ದೀರಾ ಅಂತ ಕೇಳಿ, ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬಾಯಿ ಎಲ್ಲಿ ಸವೆದಿದೆ, ಎಲ್ಲಿ ಹಲ್ಲು ಬಿದ್ದಿದೆ ಅಂತ ನೋಡಿಯೇ ಆ ಮನೆಯವರು ಹೇಗೆ ಕಡಿಯುತ್ತಾರೆ ಅಂತ ಅವರಿಗೆ ತಿಳಿಯುತ್ತದೆ. ಎಡಗೈಯವರ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಒಂದೇ ಮಗ್ಗುಲಿಗೆ ಇಳಿಜಾರು ಕೊಟ್ಟ ಬಾಯಿ ಆ ಕಡೆಯ ಕೈಗೆ ಮಾತ್ರ ನೇರ ಇಳಿಯುತ್ತದೆ. ಇನ್ನೊಂದು ಕೈಯಲ್ಲಿ ಹಿಡಿದರೆ ಮರದಿಂದ ಜಾರಿ ಹೊರಗೆ ಓಡುತ್ತದೆ.

ಈಗ ಉಕ್ಕಿನ ಮಾತು. ಕಿಟಕಿ ಸರಳು, ಆಂಗಲ್ ಪಟ್ಟಿಗಳ ಮೈಲ್ಡ್ ಸ್ಟೀಲಿನಲ್ಲಿ ಇಂಗಾಲ 0.25%ಕ್ಕಿಂತ ಕಡಿಮೆ. ಎಷ್ಟು ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೂ ಅದರಲ್ಲಿ ಹರಿತ ನಿಲ್ಲುವುದಿಲ್ಲ. ಲಾರಿ, ಜೀಪುಗಳ ಲೀಫ್ ಸ್ಪ್ರಿಂಗಿನಲ್ಲಿ 0.5ರಿಂದ 0.6% ಇರುತ್ತದೆ. ಬೇರಿಂಗಿಗೆ ಬಳಸುವ ಇಎನ್ 31 ಅನ್ನುವ ಉಕ್ಕಿನಲ್ಲಿ ಸುಮಾರು 1%. ಹಳೆಯ ಒಳ್ಳೆಯ ಅರಗಳಲ್ಲಿ ಅದಕ್ಕಿಂತಲೂ ಸ್ವಲ್ಪ ಜಾಸ್ತಿ. ದಕ್ಷಿಣ ಭಾರತದಲ್ಲಿ ಹಿಂದೆ ಮಣ್ಣಿನ ಮೂಸೆಯಲ್ಲಿಟ್ಟು ಮಾಡುತ್ತಿದ್ದ ಉಕ್ಕು, 1795ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಚರ್ಚೆಯಾದದ್ದು, ಸುಮಾರು 1.5%ದ ಮಟ್ಟಕ್ಕೆ ಹೋಗುತ್ತಿತ್ತು. ಇದನ್ನೆಲ್ಲ ಓದಿದಾಗ ಇಂಗಾಲ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅನ್ನಿಸುವುದು ಸಹಜ. ಹರಿತಕ್ಕೆ ಅದು ನಿಜ. ಆದರೆ ಇಂಗಾಲ ಏರಿದ ಹಾಗೆ ಪೆಟ್ಟು ತಡೆಯುವ ಶಕ್ತಿ ಇಳಿಯುತ್ತದೆ. ಒಣಗಿದ ತೆಂಗಿನ ಮಡಲಿನ ಬುಡಕ್ಕೆ ಇಡೀ ದಿನ ಬೀಳುವ ಕತ್ತಿಗೆ ಲೀಫ್ ಸ್ಪ್ರಿಂಗೇ ಸರಿ. ಕುಲುಮೆಯವರು ಗುಜರಿಯಿಂದ ಅದನ್ನೇ ತರುವುದು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಮಾತ್ರ ಅಲ್ಲ.

ಗುಜರಿ ಉಕ್ಕಿನಲ್ಲಿ ಒಂದು ತೊಡಕಿದೆ. ಅದು ನಿಜಕ್ಕೂ ಏನು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ಸಾಣೆಗೆ ಹಿಡಿದಾಗ ಹಾರುವ ಕಿಡಿ ಸ್ವಲ್ಪ ಹೇಳುತ್ತದೆ. ಇಂಗಾಲ ಕಡಿಮೆ ಇದ್ದರೆ ಕಿಡಿ ಉದ್ದ ಗೆರೆಯಾಗಿ ಹೋಗಿ ಆರುತ್ತದೆ, ಜಾಸ್ತಿ ಇದ್ದರೆ ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಅದಕ್ಕಿಂತ ನಂಬಿಕೆಯ ದಾರಿ ಒಂದು ತುಂಡು ಕತ್ತರಿಸಿ, ಕಾಯಿಸಿ, ಎಣ್ಣೆಗೆ ಅದ್ದಿ, ವೈಸಿಗೆ ಸಿಕ್ಕಿಸಿ ಮುರಿದು ನೋಡುವುದು. ಮುರಿದ ಮುಖ ನಯವಾದ ಬೂದು ಬಣ್ಣದಲ್ಲಿ ಇದ್ದರೆ ಹದ ಸರಿ ಇದೆ. ಸಕ್ಕರೆ ಹರಳಿನ ಹಾಗೆ ಮಿನುಗಿದರೆ ಕಾವು ಜಾಸ್ತಿಯಾಗಿ ಉಕ್ಕಿನ ಒಳಗಿನ ಕಣ ದೊಡ್ಡದಾಗಿದೆ ಅಂತ ಅರ್ಥ, ಅಂಥದ್ದು ಕೆಲಸದಲ್ಲಿ ಮುರಿಯುತ್ತದೆ. ಕತ್ತಿ ಮಾಡಲು ಹೊರಡುವ ಯಾರಿಗಾದರೂ ನಾನು ಹೇಳುವುದು, ಮೊದಲು ಈ ತುಂಡು ಮುರಿಯುವ ಕೆಲಸ ಮಾಡಿ ಅಂತ. ಆ ಬೂದು ಮುಖವನ್ನು ಕಣ್ಣಾರೆ ನೋಡಿದವರಿಗೆ ಬೆಂಕಿಯ ಮುಂದೆ ಧೈರ್ಯ ಬರುತ್ತದೆ.

ನಾನು ಬಡಿದು ಮಾಡುವುದಕ್ಕೆ ಇನ್ನೂ ಹೋಗಿಲ್ಲ, ಅರದಲ್ಲಿ ಉಜ್ಜಿ ಆಕಾರ ತರುವ ದಾರಿ ಹಿಡಿದಿದ್ದೇನೆ. ಸ್ಪ್ರಿಂಗ್ ತುಂಡನ್ನು ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟರೆ ಮೆತ್ತಗಾಗುತ್ತದೆ, ಆಮೇಲೆ ಅರ ಹಿಡಿಯುತ್ತದೆ. ಬಾಯಿಯ ಕಡೆ ಮಾರ್ಕರ್ ಬಳಿದು, ಉಕ್ಕಿನಷ್ಟೇ ದಪ್ಪದ ಡ್ರಿಲ್ ಬಿಟ್ ಒಂದನ್ನು ಸಮತಟ್ಟಾದ ಗಾಜಿನ ಮೇಲೆ ಅಡ್ಡ ಇಟ್ಟು, ಅದರ ಮೊನೆಯಿಂದ ಗೆರೆ ಎಳೆದರೆ ಸರಿಯಾಗಿ ನಡುಗೆರೆ ಬರುತ್ತದೆ. ಎರಡೂ ಮಗ್ಗುಲಿನಿಂದ ಆ ಗೆರೆಯ ಕಡೆಗೆ ಉಜ್ಜುತ್ತಾ ಬರುವುದು. ಅರ ಮುಂದೆ ತಳ್ಳುವಾಗ ಮಾತ್ರ ಕೊರೆಯುತ್ತದೆ, ಹಿಂದೆ ಎಳೆಯುವಾಗ ಎತ್ತಬೇಕು. ಹಲ್ಲಿನ ಸಂದಿಯಲ್ಲಿ ಉಕ್ಕಿನ ಚೂರು ಸಿಕ್ಕಿಕೊಂಡು ಗೀರು ಬೀಳದ ಹಾಗೆ ಅರಕ್ಕೆ ಸೀಮೆಸುಣ್ಣ ತಿಕ್ಕಿದರೆ ಒಳ್ಳೆಯದು. ನಿಧಾನದ ಕೆಲಸ ಇದು, ಭುಜ ಬೀಳುತ್ತದೆ. ಆದರೆ ಯಂತ್ರದ ಬೆಲ್ಟಿಗಿಂತ ಅರದಲ್ಲಿ ಕಲಿಯುವುದೇ ಮೇಲು ಅಂತ ನನ್ನ ಅನಿಸಿಕೆ. ಬೆಲ್ಟಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುವ ಉಕ್ಕು ಇಲ್ಲಿ ಒಂದು ಗಂಟೆ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಇಳಿಜಾರು ಹೇಗೆ ಇಳಿಯುತ್ತಿದೆ ಅಂತ ಬೆರಳೇ ಹೇಳುತ್ತಿರುತ್ತದೆ. ಬಾಯಿಯಲ್ಲಿ ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಸಿ ಅಲ್ಲಿಗೆ ನಿಲ್ಲಿಸಬೇಕು. ಈಗಲೇ ತೆಳ್ಳಗೆ ಮಾಡಿದರೆ ಎಣ್ಣೆಗೆ ಹೋದಾಗ ಸೊಟ್ಟಗಾಗುತ್ತದೆ.

ಬೆಂಕಿಗೆ ಗೆರಟೆ ಇದ್ದಿಲು, ಅಂದರೆ ತೆಂಗಿನ ಚಿಪ್ಪಿನದ್ದು. ನಮ್ಮ ಕಡೆ ಗೆರಟೆಗೆ ಬರವಿಲ್ಲ. ಉರಿ ಹದವಾಗಿ ಏರುತ್ತದೆ, ಕಲ್ಲಿದ್ದಲಿನ ಗಂಧಕದ ಗೋಳೂ ಇಲ್ಲ. ಈ ಕೆಲಸಕ್ಕೆ ನಾನು ಸಂಜೆ ಬೆಳಕು ಇಳಿಯುವ ತನಕ ಕಾಯುತ್ತೇನೆ, ಬಿಸಿಲಿನಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಕುಲುಮೆಗಳು ಒಳಗೆ ಕತ್ತಲೆಯಾಗಿ ಇರುವುದೂ ಇದಕ್ಕೇ. ಕತ್ತಿಯನ್ನು ಇದ್ದಿಲಿನಲ್ಲಿ ಹಿಂದೆ ಮುಂದೆ ಆಡಿಸುತ್ತಾ ಇದ್ದರೆ ಮೊದಲು ಮಂಕಾದ ಕೆಂಪು, ಆಮೇಲೆ ಚೆರ್ರಿ ಕೆಂಪು. ಆಗ ಗಮನವಿಟ್ಟು ನೋಡಬೇಕು. ಆ ಕೆಂಪಿನ ಒಳಗೆ ಒಂದು ಕಪ್ಪು ನೆರಳು ಕಾಣಿಸುತ್ತದೆ. ಬಾಯಿಯ ತೆಳುವಾದ ಕಡೆಯಿಂದ ಶುರುವಾಗಿ ದಪ್ಪ ಬೆನ್ನಿನ ಕಡೆಗೆ ಮೆಲ್ಲಗೆ ಸರಿಯುತ್ತದೆ. ಆ ಹೊತ್ತಿಗೆ ಉಕ್ಕಿನ ಒಳಗಿನ ಕಟ್ಟು ಬದಲಾಗುತ್ತಿರುತ್ತದೆ, ಆ ಬದಲಾವಣೆ ಕಾವನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಆ ಜಾಗ ಸ್ವಲ್ಪ ಹೊತ್ತು ಮಂಕಾಗಿ ಕಾಣುವುದು. ನೆರಳು ಪೂರ್ತಿ ದಾಟಿ ಹೋಗಿ ಇಡೀ ಬಾಯಿ ಒಂದೇ ಸಮ ಬೆಳಗಿದರೆ ಹೊತ್ತು ಬಂತು. ಇದನ್ನು ನೋಡುವುದಕ್ಕಾದರೂ ಈ ಹವ್ಯಾಸ ಹಿಡಿಯಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹತ್ತಿರದಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣವನ್ನು ಅಯಸ್ಕಾಂತ ಎಳೆಯುವುದಿಲ್ಲ. ಸ್ಪ್ರಿಂಗ್ ಉಕ್ಕಿಗೆ ಅಷ್ಟು ಸಾಲದು, 850ರ ಆಚೆಗೆ ಹೋಗಬೇಕು. ಅಯಸ್ಕಾಂತ ಬಿಟ್ಟ ಮೇಲೂ ಸ್ವಲ್ಪ ತಾಳ್ಮೆ ಬೇಕು.

ಆಮೇಲೆ 50-60 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟ ಎಣ್ಣೆಗೆ ಮೊನೆ ಕೆಳಗಾಗಿ ನೇರ ಇಳಿಸುವುದು. ತಣ್ಣಗಿನ ಎಣ್ಣೆ ಮಂದ ಇರುತ್ತದೆ, ಉಕ್ಕಿನ ಕಾವನ್ನು ಬೇಗ ಎಳೆದುಕೊಳ್ಳುವುದಿಲ್ಲ. ಎಣ್ಣೆಯ ಪಾತ್ರೆ ಕಬ್ಬಿಣದ್ದೇ ಆಗಿರಬೇಕು, ಮುಚ್ಚಳ ಪಕ್ಕದಲ್ಲೇ ಇರಬೇಕು. ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಬೇಕು. ಹತ್ತಿ ಬಟ್ಟೆ, ಕನ್ನಡಕ, ಮುಚ್ಚಿದ ಚಪ್ಪಲಿ ಇಲ್ಲದೆ ಒಲೆಯ ಹತ್ತಿರ ಹೋಗಬೇಡಿ. ಜಿಂಕ್ ಲೇಪದ ಜಿಐ ಪೈಪು, ತಗಡು ಯಾವುದನ್ನೂ ಬೆಂಕಿಗೆ ಹಾಕಬೇಡಿ, ಅದರ ಹೊಗೆ ಜ್ವರ ತರುತ್ತದೆ.

ಎಣ್ಣೆಯಿಂದ ಹೊರಬಂದ ಕತ್ತಿಯ ಮೇಲೆ ಅರ ಆಡಿಸಿದರೆ ಕೊರೆಯದೆ ಜಾರಬೇಕು. ಜಾರಿತು ಅಂದರೆ ಗಡಸಾಗಿದೆ. ಆದರೆ ಆ ಸ್ಥಿತಿಯಲ್ಲಿ ಕೆಳಗೆ ಬಿದ್ದರೆ ಒಡೆದು ಹೋಗುವಷ್ಟು ಬಿರುಸು ಅದು. ಆ ಬಿರುಸನ್ನು ಸ್ವಲ್ಪ ಇಳಿಸಬೇಕು, ಎಷ್ಟು ಇಳಿಸಬೇಕು ಅನ್ನುವುದೇ ಕತ್ತಿ ಮಾಡುವವರ ನಿಜವಾದ ತೀರ್ಮಾನ. ನಾನು ಮಾಡುವುದು ಕೇಕ್ ಬೇಯಿಸುವ ಓಟಿಜಿ ಓವನಿನಲ್ಲಿ. ಅಡುಗೆಮನೆಯ ಚೂರಿಗಾದರೆ 200 ಡಿಗ್ರಿಯಲ್ಲಿ ಎರಡು ಸಲ, ಒಂದೊಂದು ಸಲಕ್ಕೂ ಒಂದು ಗಂಟೆಗೆ ಕಡಿಮೆಯಿಲ್ಲ. ಓವನಿನ ತಿರುಗುಬಿಲ್ಲೆಯನ್ನು ನಂಬಬಾರದು, ಒಳಗೆ ಬೇರೆ ಥರ್ಮಾಮೀಟರ್ ಇಡಬೇಕು.

ಆಚಾರ್ರು ಇದನ್ನೇ ಮಾಡುವುದು ನೋಡಬೇಕು ನೀವು. ಓವನಿಲ್ಲ, ಥರ್ಮಾಮೀಟರಿಲ್ಲ. ಕೆಂಪಗಾದ ಕತ್ತಿಯ ಬಾಯಿಯನ್ನಷ್ಟೇ ನೀರಿಗೆ ತಾಗಿಸಿ ಎತ್ತುತ್ತಾರೆ. ಬೆನ್ನಿನಲ್ಲಿ ಕಾವು ಇನ್ನೂ ಉಳಿದಿರುತ್ತದೆ. ಒಂದು ಕಲ್ಲಿನ ತುಂಡಿನಿಂದ ಬಾಯಿಯ ಹತ್ತಿರ ಪರಪರ ಉಜ್ಜಿ ಉಕ್ಕನ್ನು ಬೆಳ್ಳಗೆ ಮಾಡಿ ಕತ್ತಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಬೆನ್ನಿನ ಕಾವು ಬಾಯಿಯ ಕಡೆಗೆ ಹರಿದು ಬರುವಾಗ ಆ ಬಿಳುಪಿನ ಮೇಲೆ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಹಳದಿ, ಸುಮಾರು 220 ಡಿಗ್ರಿ. ಆಮೇಲೆ ಕಂದು. 270ರ ಹತ್ತಿರ ನೇರಳೆ. 300ರ ಹೊತ್ತಿಗೆ ನೀಲಿ. ಬೇಕಾದ ಬಣ್ಣ ಬಾಯಿಗೆ ಬಂದು ಮುಟ್ಟಿದ ಕ್ಷಣ ಇಡೀ ಕತ್ತಿ ನೀರಿಗೆ. ಅಷ್ಟೇ ಹೊತ್ತು. ಚೂರಿಗಾದರೆ ಹಳದಿಯಲ್ಲೇ ನಿಲ್ಲಿಸುತ್ತಾರೆ, ಸೊಪ್ಪಿನ ಕತ್ತಿಗೆ ನೇರಳೆ ಬರುವ ತನಕ ಬಿಡುತ್ತಾರೆ, ಗಟ್ಟಿ ಮರ ಕಡಿಯುವುದಕ್ಕೆ ಇನ್ನೂ ಸ್ವಲ್ಪ. ಬೆನ್ನು ಪೂರ್ತಿ ಗಡಸಾಗದೆ ಮೆತ್ತಗೆ ಉಳಿಯುವುದರಿಂದ ಪೆಟ್ಟು ಬಿದ್ದಾಗ ಅದು ತಾಳಿಕೊಳ್ಳುತ್ತದೆ. ಒಂದೇ ಸ್ಪ್ರಿಂಗಿನ ಎರಡು ತುಂಡು, ಎರಡು ಬಣ್ಣ, ಎರಡು ಬೇರೆ ಬೇರೆ ಕತ್ತಿ.

"ಇನ್ನೂ ಸ್ವಲ್ಪ ಗಡಸು ಇಟ್ಟರೆ ಹರಿತ ಜಾಸ್ತಿ ದಿನ ಬರುತ್ತದಲ್ವಾ?" ಅಂತ ನಾನು ಕೇಳಿದ್ದೆ.

"ಬರ್ತದೆ. ಮತ್ತೆ ಮಸೆಯುವುದು ಯಾರು ಮಾರಾಯ್ರೇ? ಅವರ ಮನೆಯಲ್ಲಿ ಇರುವುದು ಬಟ್ಟೆ ಒಗೆಯುವ ಕಲ್ಲು."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಜಪಾನಿನ ಕಡೆಯ ಅಡುಗೆ ಚೂರಿಗಳು ರಾಕ್‌ವೆಲ್‌ನಲ್ಲಿ 60 ದಾಟುತ್ತವೆ. ಅವು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳ ಜೊತೆಗೆ ನೀರಿನ ಕಲ್ಲುಗಳೂ, ಅವುಗಳನ್ನು ಬಳಸುವ ಅಭ್ಯಾಸವೂ ಬರಬೇಕು. ನಮ್ಮಲ್ಲಿ ಕತ್ತಿ ಮಸೆಯುವುದು ಅಂಗಳದ ಕಲ್ಲಿನ ಮೇಲೆ, ಬೆಳಗ್ಗೆ ತೋಟಕ್ಕೆ ಇಳಿಯುವ ಮೊದಲು. ಕಳ್ಳು ಇಳಿಸುವ ಮೂರ್ತೆದಾರರು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಹುಡಿ ಹಾಕಿ ಉಜ್ಜುತ್ತಾರೆ. ಹೂಗೊನೆಯನ್ನು ದಿನಾ ಕಾಗದದಷ್ಟು ತೆಳ್ಳಗೆ ಕೆತ್ತಬೇಕಾದ ಕತ್ತಿ ಅದು, ಅದರ ಹರಿತ ಬೇರೆಯೇ ಮಟ್ಟದ್ದು. ಬೆಣಚುಕಲ್ಲು ಉಕ್ಕಿಗಿಂತ ಗಡಸು, ಆದ್ದರಿಂದ ಕೆಲಸ ನಡೆಯುತ್ತದೆ. ಆದರೆ ಕತ್ತಿಯನ್ನು ವಿಪರೀತ ಗಡಸು ಮಾಡಿಟ್ಟರೆ ಅದೇ ಹುಡಿ ಅರ್ಧ ಗಂಟೆ ತಿಕ್ಕಿದರೂ ಸಾಲದು. ಹರಿತ ತುಂಬಾ ದಿನ ನಿಲ್ಲುವ ಕತ್ತಿಗಿಂತ, ಎರಡು ನಿಮಿಷದಲ್ಲಿ ಮತ್ತೆ ಹರಿತವಾಗುವ ಕತ್ತಿ ನಮ್ಮ ಮನೆಗಳಿಗೆ ಒಳ್ಳೆಯದು. ಆದ್ದರಿಂದ ನಾನೂ ಈಗ ತೋಟದ ಕತ್ತಿಗಳಿಗೆ ಓವನನ್ನು ಇನ್ನಷ್ಟು ಏರಿಸಿ ಮೆತ್ತಗೆ ಮಾಡುತ್ತೇನೆ.

ಸ್ಟೇನ್‌ಲೆಸ್ ಯಾಕೆ ಬಳಸುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಾಗ. ಆಟಿ ತಿಂಗಳಲ್ಲಿ ಒದ್ದೆ ಕತ್ತಿಯನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ತುಕ್ಕು ಬಂದಿರುತ್ತದೆ, ನಿಜ. ಆದರೆ ಸ್ಟೇನ್‌ಲೆಸ್ ಉಕ್ಕಿಗೆ ಹದ ಕೊಡಲು 1,000 ಡಿಗ್ರಿ ದಾಟಿದ ಕಾವನ್ನು ಅಳತೆ ಮಾಡಿ ಹಿಡಿದಿಡುವ ಕುಲುಮೆ ಬೇಕು, ಇದ್ದಿಲ ಒಲೆಯಲ್ಲಿ ಆಗುವ ಕೆಲಸ ಅಲ್ಲ. ಸಾದಾ ಉಕ್ಕಿನ ಕತ್ತಿಗೆ ಬೇಕಾದ್ದು ಒರೆಸುವ ಬಟ್ಟೆ ಮತ್ತು ಎರಡು ಹನಿ ತೆಂಗಿನೆಣ್ಣೆ. ಬಾಳೆಕಾಯಿ, ಬಾಳೆದಿಂಡು, ಮಾವಿನಕಾಯಿ ಕೊಯ್ದಾಗ ಅದು ಕಪ್ಪಾಗುತ್ತದೆ. ಅವುಗಳ ಒಗರು ಮತ್ತು ಹುಳಿ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ತಿಕ್ಕಿ ತೆಗೆಯಬೇಡಿ. ಆ ಕಪ್ಪು ಕೂತಷ್ಟೂ ಕೆಂಪು ತುಕ್ಕು ಬರುವುದು ಕಡಿಮೆಯಾಗುತ್ತದೆ.

ಸಾದಾ ಉಕ್ಕು ಸುತ್ತಲಿನದ್ದಕ್ಕೆ ಹೀಗೆ ಬೇಗ ಸ್ಪಂದಿಸುವುದು ಅಡಿಕೆ ಬೆಳೆಯುವವರಿಗೆ ಒಂದು ಕಡೆ ತುಂಬಾ ಉಪಕಾರಿ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ನಿಮಗೆ ಗೊತ್ತೇ ಇದೆ. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಕಡಿಮೆಯಾದರೆ ಗೊನೆ, ಸೋಗೆ ಸುಡುತ್ತದೆ. ಸರಿಯಾಗಿದೆಯಾ ಅಂತ ನೋಡಲು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸೇರಿಸಬೇಕು. ಬಿಳಿಯಾಗೇ ಉಳಿದರೆ ಮರ ಹತ್ತಬಹುದು. ಸ್ಟೇನ್‌ಲೆಸ್ ಚೂರಿಯನ್ನು ನಂಬಿ ಈ ಪರೀಕ್ಷೆ ಮಾಡಲಿಕ್ಕಾಗದು. ನಾನು ಮಾಡಿದ ಚೂರಿಯೊಂದು ನೆರೆಮನೆಯಲ್ಲಿ ಅಡುಗೆಗಿಂತ ಜಾಸ್ತಿ ಈ ಕೆಲಸಕ್ಕೇ ಹೋಗುತ್ತದೆ, ನನಗೆ ಅದರಲ್ಲಿ ಬಹಳ ಸಂತೋಷ.

ಹಿಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹುಣಸೆ, ಹಲಸಿನ ತಿರುಳು ಎರಡೂ ಚೆನ್ನ. ಎರಡು ಹಲಗೆಯನ್ನು ಅಕ್ಕಪಕ್ಕ ಅಂಟಿಸಿ ರಿವೆಟ್ ಹೊಡೆಯುವ ಹಿಡಿ ನೋಡಲು ಚಂದ. ಆದರೆ ಮಳೆಗಾಲದಲ್ಲಿ ಸಂದಿಗೆ ನೀರು ಇಳಿದು ಒಳಗೊಳಗೇ ತುಕ್ಕು ಹಿಡಿಯಬಹುದು. ಕತ್ತಿಯ ಬಾಲವನ್ನು ಕಾಯಿಸಿ ತೂತು ಕೊರೆದ ಮರದ ಒಳಕ್ಕೆ ಇಳಿಸಿ, ಬುಡಕ್ಕೆ ಕಬ್ಬಿಣದ ಬಳೆ ತೊಡಿಸುವ ಹಳೆಯ ಕ್ರಮದಲ್ಲಿ ಮರ ಹಾಳಾದರೆ ಮನೆಯವರೇ ಬೇರೆ ಹಿಡಿ ಹಾಕಿಕೊಳ್ಳಬಹುದು.

ಮನೆಯಲ್ಲಿ ಕತ್ತಿ ಮಾಡುವುದು ಕಾನೂನಿಗೆ ವಿರುದ್ಧ ಅಲ್ವಾ ಅಂತ ಕೇಳುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಬಗ್ಗೆ ಹೇಳುತ್ತವೆ, ಆದರೆ ಮನೆಗೆಲಸ ಮತ್ತು ಕೃಷಿಗೆಂದು ಮಾಡಿದವನ್ನು ಅದರಿಂದ ಹೊರಗಿಟ್ಟಿವೆ. ಕಠಾರಿ, ಖಡ್ಗ ಮಾಡುವ ಆಸೆ ನನಗಂತೂ ಇಲ್ಲ. ಹೊಸದಾಗಿ ಕಲಿಯುವವರಿಗೂ ಅದನ್ನು ಬಿಟ್ಟು ತರಕಾರಿ ಚೂರಿಯಿಂದಲೇ ಶುರು ಮಾಡಿ ಅನ್ನುತ್ತೇನೆ. ಗೋಡೆಗೆ ನೇತುಹಾಕುವ ವಸ್ತುವಿನಲ್ಲಿ ಸರಿ ತಪ್ಪು ಗೊತ್ತಾಗುವುದಿಲ್ಲ. ಚೂರಿಯಾದರೆ ಅಮ್ಮನ ಕೈಗೆ ಕೊಟ್ಟು ಒಂದು ಸೌತೆಕಾಯಿ ಇಟ್ಟರೆ ಸಾಕು, ಬೆನ್ನು ದಪ್ಪವಾಯಿತು, ಹಿಡಿ ಸಪೂರವಾಯಿತು ಅಂತ ಅಲ್ಲೇ ಉತ್ತರ ಬರುತ್ತದೆ.

ಈಗ ಕೈಯಲ್ಲಿರುವುದು ಪೆರ್ಲದ ಚಿಕ್ಕಮ್ಮನಿಗೆ ಒಂದು ಮೆಟ್ಟುಕತ್ತಿ. ಅವರಿಗೆ ಮಂಡಿ ನೋವು, ನೆಲದಲ್ಲಿ ಕೂರಲಿಕ್ಕಾಗದು. ಪೇಟೆಯಲ್ಲಿ ಸಿಗುವ ಮೇಜಿನ ಮೆಟ್ಟುಕತ್ತಿ ಹಿಡಿಸುತ್ತಿಲ್ಲ, "ಕೈ ಮೇಲೆ ಎತ್ತಿ ಕೊಯ್ಯಬೇಕಾಗ್ತದೆ, ಭುಜ ನೋಯ್ತದೆ ಮಗಾ" ಅಂತ ಹೇಳಿದರು. ಕಳೆದ ವಾರ ಹೋಗಿ ಅವರು ಕಟ್ಟೆಯ ಮುಂದೆ ನಿಂತಾಗ ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಅಳೆದು ಬಂದೆ. ರಟ್ಟಿನಲ್ಲಿ ಕತ್ತರಿಸಿದ ಮಾದರಿ ಅಲ್ಲೇ ಬಿಟ್ಟು ಬಂದಿದ್ದೇನೆ, ಬಾಗು ಇನ್ನೂ ಮುಂದಕ್ಕೆ ಬೇಕಾ ಅಂತ ಅವರು ಫೋನ್ ಮಾಡಿ ಹೇಳಬೇಕು. ತುದಿಗೆ ತೆಂಗಿನಕಾಯಿ ಹೆರೆಯುವ ಹಲ್ಲೂ ಬೇಕಂತೆ. ಹಲ್ಲಿಗೆ ಬೇರೆ ಹದ, ಬಾಯಿಗೆ ಬೇರೆ ಹದ. ಎರಡನ್ನೂ ಒಂದೇ ಅಲಗಿನಲ್ಲಿ ತರುವುದು ಓವನಿನಲ್ಲಿ ಆಗುವ ಕೆಲಸ ಅಲ್ಲ. ಆ ಅಲಗನ್ನು ಕುಲುಮೆಗೇ ತೆಗೆದುಕೊಂಡು ಹೋಗಿ, ಬಣ್ಣ ಓಡುವುದನ್ನು ಆಚಾರ್ರ ಪಕ್ಕದಲ್ಲಿ ನಿಂತು ಕಲಿಯಬೇಕು. ಭಾನುವಾರ ಬೆಳಗ್ಗೆ ಬನ್ನಿ ಅಂದಿದ್ದಾರೆ. ಗೆರಟೆ ಇದ್ದಿಲು ಒಂದು ಚೀಲ ನಾನೇ ತರಬೇಕಂತೆ.